ಬೊಂಡಾಸ ಕಂಡು ಹೋರಿಯ ಚಿಂತೆ

ಮಲ್ಪೆ, ೧೨-೧೦-೨೦೦೬

ಕಮಳಾ ವೈನಿಯವರಿಗೆ ನಮಸ್ಕಾರ.

ನಿಮ್ಮ ಮಗಳು ಮಯೂರಿ ಇಂದು ತಾನು ಮೀನಿನ ತಪಾಸಣೆ ಮಾಡುವ ಬಂದರಿಗೆ ನನ್ನನ್ನು ಕರೆದೊಯ್ದಳು. ಬೊಂಡಾಸ ಎಂಬ ಹತ್ತು ತೋಳಿನ ಪ್ರಾಣಿ ಬುಟ್ಟಿಯಲ್ಲಿ ಸಾಯುತ್ತಲೇ ಕೆಂಪಾಯಿತು, ಮತ್ತೆ ಬಿಳುಪಾಯಿತು. ವರ್ಷದೊಳಗೆ ಮೊಟ್ಟೆಯಿಟ್ಟು ಎಲ್ಲವೂ ಸಾಯುತ್ತವಂತೆ, ಹಿರಿತಲೆ ಒಂದೂ ಉಳಿಯುವುದಿಲ್ಲವಂತೆ!

ಹೀಗೇ ಹಿಡಿದರೆ ಮುಗಿದುಹೋಗುತ್ತವೆ ಎಂದು ಮಯೂರಿ ಎಚ್ಚರಿಸಿದಾಗ ದೋಣಿಯ ಯಜಮಾನ ನಕ್ಕ: “ಇಲ್ಲಿ ಖಾಲಿಯಾದ್ರೆ ಎಂತ ಮಾರಾಯ್ರೆ, ಆಚೆ ಕಡಲಿನದ್ದು ಬರ್ತದೆ. ಎಲ್ಲ ಒಂದೇ ಅಲ್ವಾ?”

ಮಯೂರಿ ಬಿಡಲಿಲ್ಲ. “ನೋಡಾಕ ಅಷ್ಟೇ ಒಂದರಿ. ಎರಡೂ ಕಡೀದರ ಮಾಂಸದ ಚೂರು ತಗೊಂಡು ವಂಶ ತಪಾಸ ಮಾಡೇವಿ. ಅವಕ್ಕೂ ಇವಕ್ಕೂ ಬೀಗತನನೇ ಇಲ್ಲ. ಮೊಟ್ಟಿ ಇಡೋ ತಿಂಗಳಾಗೂ ಬಲಿ ಬೀಸಿದ್ರ ಇಲ್ಲೀ ವಂಶ ಮುಗೀತರಿ.”

ಯಜಮಾನನ ನಗು ನಿಂತಿತು. ನನಗೆ ಊರಿನ ಮಾತು ನೆನಪಾಯಿತು. ನಮ್ಮ ದೇವಣಿ ತಳಿಯ ಹೋರಿಯನ್ನು ಮಾರಲು ಹೊರಟ ಅಣ್ಣನೂ “ಇನ್ನೊಂದು ತಂದರಾತು, ಎಲ್ಲಾ ಒಂದೇ” ಎಂದಿದ್ದನಲ್ಲ! ಬೇಮಳಖೇಡದಿಂದ ಬಸವಕಲ್ಯಾಣದ ತನಕ ಹುಡುಕಿದ್ದೇನೆ ವೈನಿ, ಆ ತಳಿಯ ಅಪ್ಪಟ ಹೋರಿ ಇನ್ನೊಂದಿಲ್ಲ.

ಮಯೂರಿ ಆರಾಮ ಇದ್ದಾಳೆ. ನನಗೆ ಉಪ್ಪುಗಾಳಿಗೆ ಮೈಯೆಲ್ಲ ತುರಿಕೆ. ಈ ಕಾರ್ಡು ಹುಮನಾಬಾದ ಸಂತೆಗಿಂತ ಮೊದಲು ಮುಟ್ಟಿದರೆ, ಹೋರಿಯ ಹಗ್ಗ ಅಣ್ಣನ ಕೈಗೆ ಕೊಡದೆ ನೀವೇ ಹಿಡಿದುಕೊಳ್ಳಿರಿ.

ನಿಮ್ಮ ಮೈದುನ
ದತ್ತಾತ್ರಿ