ಕೌದಿಯ ಇನ್ನೊಂದು ತುದಿ

ಇಳಕಲ್ಲು, ಫೆಬ್ರವರಿ ೩೦, ೨೨೧೪

ಇನ್ನೂರು ವರ್ಷಗಳ ಹಿಂದಿನ ಹಿರಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ, ತಿಂಗಳುಗಳನ್ನೆಲ್ಲ ನಾವು ಸಮ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಅಷ್ಟಕ್ಕೇ, ಮುಂದಿನ ಬೈಗುಳಕ್ಕಲ್ಲ.

ನೀವು ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್‌ಗೆ ನಾವು ‘ಸಮಾಧಾನಿ’ ಎನ್ನುತ್ತೇವೆ. ಮೊದಮೊದಲು ಅದನ್ನು ವೈದ್ಯರು ಬಳಸುತ್ತಿದ್ದರಂತೆ. ಲಿಫ್ಟಿಗೆ ಹೆದರುವವನಿಗೆ ಅದರೊಳಗೆ ಲಿಫ್ಟ್ ತೋರಿಸಿ, ಪಕ್ಕದ ಕುರ್ಚಿಯಲ್ಲಿ ಕೂತು, ಹೆದರಬೇಡಿ ನಾನಿದ್ದೇನೆ ಎನ್ನುತ್ತಿದ್ದರಂತೆ. ಒಳ್ಳೆಯ ಕೆಲಸವೇ. ಆಮೇಲೆ ನೀವು ಬಹಳ ಜಾಣರಾದಿರಿ. ಸಮಾಧಾನಿಯನ್ನು ಉಳಿಸಿಕೊಂಡು ಕುರ್ಚಿಯನ್ನು ಅಟ್ಟಕ್ಕೆ ಹಾಕಿದಿರಿ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ಆದರೆ ನೀವು ಮಾಡಿದ್ದನ್ನು ಉಣ್ಣುತ್ತಿರುವವರು ನಾವು.

ಈಗ ಸಾವಾದ ಮನೆಗೆ ಯಾರೂ ಹೋಗುವುದಿಲ್ಲ, ‘ಬಿಂಬ’ ಕಳಿಸುತ್ತಾರೆ. ಮುಖ ಮತ್ತು ದನಿ ಕಳಿಸಿದವರದು, ಮಾತು ಯಂತ್ರದ್ದು. ಅವರು ಮನೆಯಲ್ಲಿ ಚುರುಮುರಿ ಮೆಲ್ಲುತ್ತಿರುವಾಗ ಅದು ದುಃಖದವರ ಸಮಾಧಾನಿಯೊಳಗೆ ಕೂತು ಕಣ್ಣೊರೆಸಿಕೊಂಡು ಬರುತ್ತದೆ.

ನನ್ನ ಅಕ್ಕ ದಾನಮ್ಮನ ಗಂಡ ತೀರಿಕೊಂಡಾಗ ನಾನು ಖುದ್ದಾಗಿ ಹೋದೆ. ಓಣಿಯವರು ಕಿಟಕಿಯಿಂದ ಕಳ್ಳಿಯನ್ನು ನೋಡುವಂತೆ ನೋಡಿದರು. ಅಕ್ಕ ಊಟ ಬಿಟ್ಟಿದ್ದಳು. ಸಮಾಧಾನಿ ಬಿಚ್ಚಿದರೆ ಮನೆ ಖಾಲಿಯಾಗುತ್ತದೆಂದು ಅದನ್ನು ಬಿಚ್ಚುತ್ತಲೂ ಇರಲಿಲ್ಲ. ಹೀಗೇ ಬಿಟ್ಟರೆ ಇವಳೂ ಉಳಿಯುವುದಿಲ್ಲವೆಂದು ನನಗೆ ಹೆದರಿಕೆಯಾಯಿತು. ಅಂಗಳದ ತೊಟ್ಟಿಯಲ್ಲಿ ಭಾವ ಕೊನೆಯವರೆಗೂ ಹೊದ್ದ ಕೌದಿ ನೆನೆದು ನಾರುತ್ತಿತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಒದ್ದೆಯಾದರೆ ಎಮ್ಮೆಕರುವಿನಷ್ಟು ಭಾರ, ಹಿಂಡಲು ಇಬ್ಬರು ಬೇಕು. ಅಕ್ಕ ಒಂದು ತುದಿ ಹಿಡಿದು, ಇನ್ನೊಂದು ಕೈಯನ್ನು ಬರಿಗಾಳಿಗೆ ಚಾಚಿ ಬೇಡುತ್ತಿದ್ದಳು: “ರುಕ್ಮಾಬಾಯಿ, ಆ ತುದಿ ಒಂಚೂರು ಹಿಡೀರಿ. ನನ್ನೊಬ್ಬಾಕಿ ಕೈಲೆ ಆಗವಲ್ದು.”

ಸಮಾಧಾನಿಯಿಂದ ಪಕ್ಕದ ಮನೆಯ ರುಕ್ಮಾಬಾಯಿಯ ದನಿ ಬಂತು: “ನಿಮ್ಮ ನೋವು ನನಗೆ ಅರ್ಥವಾಗುತ್ತದೆ.”

ಥೂ! ಊರೆಲ್ಲ ಬಂದು ಹೋಗಿತ್ತು, ಒಂದು ಕೈ ಬಂದಿರಲಿಲ್ಲ.

ನಾನು ಕೌದಿಯ ಇನ್ನೊಂದು ತುದಿ ಹಿಡಿದು ಜಗ್ಗಿದೆ. ಅಕ್ಕ ಬೆಚ್ಚಿದಳು. ಆಮೇಲೆ ಮೆಲ್ಲಗೆ ತಿರುವಿದಳು. ನಾನೂ ತಿರುವಿದೆ. ನೀರು ಸುರಿಯಿತು.

“ಖರೇನ ಬಂದೀಯೇನ ತಂಗಿ?”

ತುದಿ ಬಿಡದೆಯೇ ಭುಜಕ್ಕೆ ಮುಖ ತಿಕ್ಕಿ ಸಮಾಧಾನಿಯನ್ನು ಕೆಳಗೆ ಬೀಳಿಸಿದಳು. ಗಂಡ ಹೋದ ಮೇಲೆ ಅವಳು ಮೊದಲ ಸಲ ಅತ್ತದ್ದು ಆಗಲೇ. ಸಂಜೆ ಒಂದು ರೊಟ್ಟಿ ತಿಂದಳು. ಅಂಗಳದಲ್ಲಿ ಬಿದ್ದ ಸಮಾಧಾನಿಯೊಳಗೆ ರುಕ್ಮಾಬಾಯಿ ಇನ್ನೂ ಅರ್ಥಮಾಡಿಕೊಳ್ಳುತ್ತಲೇ ಇದ್ದಳು.

ನಿಮ್ಮ ಮೇಲೆ ನನಗೆ ಗೌರವವಿಲ್ಲ, ಸುಳ್ಳು ಹೇಳಲಾರೆ. ಆದರೂ ಬೇಡುತ್ತೇನೆ. ನಿಮ್ಮ ಯಂತ್ರವನ್ನು ಹೆದರಿದವರಿಗೆ ಕಟ್ಟಿ, ಬೇಡವೆನ್ನುವುದಿಲ್ಲ, ಆದರೆ ಕುರ್ಚಿ ತೆಗೆಯಬೇಡಿ. ಪಕ್ಕದ ಮನೆಯಲ್ಲಿ ಸಾವಾದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ, ಏನು ಮಾತಾಡಬೇಕೆಂದು ತಿಳಿಯದಿದ್ದರೂ ಸರಿ. ನಿಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗಿ. ರುಕ್ಮಾಬಾಯಿ ಕೆಟ್ಟವಳಲ್ಲ. ಅವಳ ಮನೆತನದಲ್ಲಿ ಹಾಗೆ ಎದ್ದು ಸಾವಿನ ಮನೆಗೆ ಹೋದವರನ್ನು ಯಾರೂ ನೋಡಿಯೇ ಇಲ್ಲ.

ಇಂತಿ,
ದಾನಮ್ಮನ ತಂಗಿ ಮಹಾನಂದಾ