ಒಂಬತ್ತನೇ ಕಂಬ ಮತ್ತು ನನ್ನ ಪ್ರಮಾಣಪತ್ರ

ಸಮಸ್ತ ಇಳಿಜಾರುಗಳ ಅಧಿಪತಿಗಳೂ, ಕೆಂಪು ಶಾಯಿಯ ಏಕೈಕ ವಾರಸುದಾರರೂ, ಒಂದೇ ಒಂದು ಸಹಿಯಿಂದ ಪೋಕರಿಯನ್ನು ಗುರುವನ್ನಾಗಿಸಬಲ್ಲ ಮಹಾಮಹಿಮರೂ ಆದ ಸ್ಕೀ ತರಬೇತುದಾರರ ಪರೀಕ್ಷಾ ಮಂಡಳಿಯ ಮುಖ್ಯ ಪರೀಕ್ಷಕರೇ,

ತಾವು ನನ್ನನ್ನು ಪಾಸು ಮಾಡಿದ್ದೀರಿ. ಇದನ್ನು ನಾನು ಉಗ್ರವಾಗಿ ಪ್ರತಿಭಟಿಸುತ್ತೇನೆ.

ನನಗೆ ಹತ್ತೊಂಬತ್ತು ವರ್ಷ. ಬೆಟ್ಟ ಹತ್ತಿಸುವ ಲಿಫ್ಟಿನ ಕುರ್ಚಿಗಳಿಗೆ ಪ್ಲಮ್ ಜಾಮ್ ಬಳಿದವನು, ಪಾದ್ರಿಗಳ ಸ್ಕೀಗಳಿಗೆ ಜಾರಲು ಹಚ್ಚುವ ಮೇಣದ ಬದಲು ಅಂಟು ಸವರಿದವನು ಎಂಬುದು ಈ ಕಣಿವೆಯಲ್ಲಿ ನನ್ನ ಈವರೆಗಿನ ಕೀರ್ತಿ. ಐದು ದಿನಗಳ ತರಗತಿ, ಅರ್ಧ ದಿನದ ಪರೀಕ್ಷೆ. ಅಷ್ಟಕ್ಕೇ ಈ ಶನಿವಾರದಿಂದ ಹನ್ನೆರಡು ಮಕ್ಕಳನ್ನು ರೇಸಿನ ಹಾದಿಗೆ ಇಳಿಸುವ ಅಧಿಕಾರ ನನ್ನದಂತೆ! ಯಾರು ಕೊಟ್ಟರು? ತಾವು. ಏನನ್ನು ನೋಡಿ ಕೊಟ್ಟಿರಿ? ನನ್ನ ಪ್ರಶ್ನೆ ಇಷ್ಟೇ.

ಪರೀಕ್ಷೆಯ ದಿನ ತಿರುವು ತೋರಿಸುವ ಇಪ್ಪತ್ತು ಕಂಬ ನೆಟ್ಟೆ, ಜಾರಿ ಬಿದ್ದವರನ್ನು ಹಿಡಿಯಲು ಅಂಚಿಗೆ ತಡೆಬಲೆ ಕಟ್ಟಿದೆ. ನಮ್ಮ ಕ್ಲಬ್ಬಿನ ಮಕ್ಕಳು ಪಕ್ಕದಿಂದ ಜಾರುತ್ತಾ ಬಂದು, ಕಣ್ಣು ಮುಚ್ಚಿ, ಕೈಯನ್ನು ಮೀನಿನಂತೆ ಆಡಿಸಿ ಪ್ರತಿ ತಿರುವನ್ನೂ ಬಾಯಿಪಾಠ ಮಾಡಿಕೊಂಡರು. ಅವರು ಮೇಲಕ್ಕೆ ಹೋದ ಮೇಲೆ ನನಗೆ ಹಾದಿ ಸಪ್ಪೆಯೆನಿಸಿತು. ತಾವು ಬೆರಗಾಗಲಿ ಎಂದು ದಿಬ್ಬದಾಚೆಯ ಒಂಬತ್ತನೇ ಕಂಬವನ್ನು ಕಿತ್ತು ಎರಡು ಸ್ಕೀ ಉದ್ದದಷ್ಟು ಎಡಕ್ಕೆ ನೆಟ್ಟೆ. ಬಲೆ ಇದ್ದಲ್ಲೇ ಇತ್ತು. ಮಕ್ಕಳು ನೋಡಿ ಹೋದ ಮೇಲೆ ಕಂಬ ಮುಟ್ಟಬಾರದು ಎಂಬುದು ತಮ್ಮ ನಿಯಮ ಪುಸ್ತಕದ ಮೊದಲ ಪುಟದಲ್ಲೇ ಇದೆ. ನಾನು ಅದಕ್ಕೆ ಅಡಿಗೆರೆ ಎಳೆದಿದ್ದೆ, ಸ್ಕೇಲ್ ಇಟ್ಟು!

ರೇಡಿಯೋದಲ್ಲಿ ಮೇಲಿನಿಂದ ನಮ್ಮ ಕ್ಲಬ್ಬಿನ ಹಿರಿಯ ಕೋಚ್ ಬುರ್ಗಿ ಕೇಳಿದರು: "ವೆಂಡೆಲಿನ್, ಕೆಳಗೆಲ್ಲಾ ಸರಿ ಇದ್ಯೇನೋ?"

"ಸರೀ ಇದೆ! ಮಹಾರಾಣಿಯವರ ಸವಾರಿ ಬಿಡಿ!"

ಬಂದವಳು ಅಫ್ರಾ. ಎಂಟು ವರ್ಷದವಳು. ದಿಬ್ಬ ಹಾರಿದವಳೇ ಬೆಳಿಗ್ಗೆ ಕಂಬವಿದ್ದ ಕಡೆಗೆ ತಿರುಗಿದಳು, ಅಲ್ಲಿ ಕಂಬವಿಲ್ಲ. ಗಾಬರಿಯಿಂದ ಎಡಕ್ಕೆ ಎಳೆದಳು. ಗಾಜಿನಂತಹ ಮಂಜುಗಡ್ಡೆ. ಬಲೆಯ ತುದಿ ದಾಟಿ ಹೊರಗೆ ಜಾರಿಹೋಗಿ, ಹಿಮ ಉಗುಳುವ ಯಂತ್ರದ ಕಬ್ಬಿಣದ ಕಾಲಿಗೆ ಒಂದು ಮೊಳ ಇರುವಾಗ ನಿಂತಳು. ಕೈಯಲ್ಲಿದ್ದ ರೇಡಿಯೋ ಒಂದೇ ಸಮನೆ ಬೈಯುತ್ತಿತ್ತು: "ಮುಂದಿನವ್ನ ಬಿಡ್ಲಾ? ಲೋ, ಬದುಕಿದ್ಯೋ ಇಲ್ವೋ?"

ಅಫ್ರಾ ಹೆಲ್ಮೆಟ್ಟಿನ ಹಿಮ ಕೊಡವಿ ನನ್ನನ್ನು ನೋಡಿದಳು. "ಅಣ್ಣಾ, ಕಂಬ ಬೆಳಿಗ್ಗೆ ಇಲ್ಲಿರ್ಲಿಲ್ಲ ಅಲ್ವಾ?"

ಹೌದೆಂದು ತಲೆಯಾಡಿಸಿದೆ.

"ಯಾರ್ಗೂ ಹೇಳಲ್ಲ ಬಿಡು. ಫೇಲಾಗ್ಬಿಡ್ತೀಯ, ಪಾಪ."

ಮುಂದಿನವನನ್ನು ತಡೆಯಲು ಬುರ್ಗಿಗೆ ಹೇಳಿ, ಕಂಬವನ್ನು ಹಳೆಯ ಕುಳಿಗೇ ನೆಟ್ಟೆ. ಅಷ್ಟು ಹೊತ್ತೂ ತಾವೆಲ್ಲಿದ್ದಿರಿ ಮಹಾಸ್ವಾಮಿ? ದಿಬ್ಬದ ಮೇಲೇ ಇದ್ದಿರಿ! ಆದರೆ ನಮ್ಮತ್ತ ಇದ್ದದ್ದು ತಮ್ಮ ಘನವಾದ ಹಿಂಭಾಗ. ಬೆಟ್ಟವೇ ಕಳೆದುಹೋದಂತೆ ಬಗ್ಗಿ ಹಿಮ ಕೆದಕುತ್ತಿದ್ದಿರಿ. ನೆಟ್ಟಗಾದವರೇ ಹಾಳೆಯ ಮೇಲೆ 'ಸುರಕ್ಷತೆ: ಅತ್ಯುತ್ತಮ' ಎಂದು ಬರೆದಿರಿ. ಒಂದು ಮಗುವಿನ ಬೆನ್ನುಮೂಳೆಗಿಂತ ಘನವಾದದ್ದೇನಿತ್ತು ಆ ಹಿಮದಲ್ಲಿ? ಕಣ್ಣಿಲ್ಲದ ಪರೀಕ್ಷೆಗೆ ಸಹಿ ಏಕೆ, ಮುದ್ರೆ ಏಕೆ?

ನಿನ್ನೆ ಬೇಕರಿಯಲ್ಲಿ ಅಫ್ರಾಳ ತಾಯಿ ನನ್ನ ಹೊಸ ಕೆಂಪು ಜಾಕೆಟ್ಟನ್ನು ಸವರಿ, ಗಸಗಸೆ ತುಂಬಿದ ಬನ್ನನ್ನು ಬಲವಂತವಾಗಿ ಕೈಗಿಟ್ಟರು. "ಶನಿವಾರದಿಂದ ನಮ್ಮವಳು ನಿನ್ನ ಕೈಲಿ ಕಣಪ್ಪಾ. ಸರ್ಕಾರೀ ಮುದ್ರೆ ಬಿದ್ದ ಕೋಚು, ನಂಗಿನ್ನೇನು ಭಯ!" ಅವರ ಭಯವೂ ಸೇರಿ ನನಗೇ ಬಂದಿದೆ. ಕಣ್ಣು ಮುಚ್ಚಿದರೆ ಆ ಕಬ್ಬಿಣದ ಕಾಲು. ಆ ಒಂದು ಮೊಳ.

ಆದ್ದರಿಂದ ಶನಿವಾರದೊಳಗೆ ನನ್ನ ಪ್ರಮಾಣಪತ್ರ ರದ್ದಾಗಬೇಕು. ಅದೇ ಇಳಿಜಾರಿನಲ್ಲಿ ಮರುಪರೀಕ್ಷೆಯಾಗಬೇಕು. ತಾವು ದಿಬ್ಬದ ಕೆಳಗೆ, ಯಂತ್ರದ ಕಾಲಿನ ಪಕ್ಕದಲ್ಲೇ ನಿಂತು ನೋಡಬೇಕು. ಈ ಪತ್ರದ ಪ್ರತಿಯನ್ನು ಲಿಫ್ಟ್ ನಿಲ್ದಾಣದ ಫಲಕಕ್ಕೂ ಅಂಟಿಸಿದ್ದೇನೆ. ಅಫ್ರಾಳ ತಾಯಿ ದಿನವೂ ಅದರ ಮುಂದೆ ಹಾದುಹೋಗುತ್ತಾರೆ.

ಇಂತಿ,
ತಾವು ತೇರ್ಗಡೆ ಮಾಡಿದ ಅಪಾಯ,
ವೆಂಡೆಲಿನ್ ಪ್ಲಾಟ್ನರ್

ಲಗತ್ತು: ಚರ್ಮದ ಕೈಗವಸು, ಎಡಗೈಯದು, ಒಂದು. ತಾವು ಹಿಮದಲ್ಲಿ ಹುಡುಕುತ್ತಿದ್ದುದು ಇದನ್ನೇ. ಪರೀಕ್ಷೆಯ ದಿನ ಬೆಳಿಗ್ಗೆಯಿಂದಲೇ ನನ್ನ ಜೇಬಿನಲ್ಲಿತ್ತು. ಸುಮ್ಮನೆ, ತಮಾಷೆಗೆ.