ತಾರಾಬಾಯಿಯವರು ನೀರು ಬಿಡದ ಮೂರು ದಿನ

ಕೆಮ್ಮಡಗಿ,
೨೨೧೪ರ ಹದಿಮೂರನೇ ತಿಂಗಳು, ಬುಧವಾರ

ತಾರಾಬಾಯಿಯವರಿಗೆ,

ತಾರೀಖು ತಪ್ಪಿ ಬರೆದದ್ದಲ್ಲ. ಬೇಸಿಗೆಯ ತಿಂಗಳುಗಳಿಗೆ ಹಳೆಯ ಹೆಸರುಗಳು ಸಾಲದೆ ನಮ್ಮವರು ವರ್ಷವನ್ನು ಹದಿಮೂರು ಭಾಗ ಮಾಡಿಕೊಂಡಿದ್ದಾರೆ. ನನ್ನ ಮಾತು ವಿಚಿತ್ರ ಎನಿಸಿದರೆ ಮನ್ನಿಸಿ. ಒಂದು ಕಡೆ ಕೂರಲಾಗದೆ ಎಂಟನೇ ತರಗತಿಗೇ ಶಾಲೆ ಬಿಟ್ಟವಳು ನಾನು; ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತೆ. ಇದನ್ನು ಹಿನ್ನಂಚೆಯಲ್ಲಿ ಹಾಕುತ್ತಿದ್ದೇನೆ. ಹಿನ್ನಂಚೆ ಹಿಂದಿನ ಕಾಲದವರಿಗೆ ಕಾಗದ ಮುಟ್ಟಿಸುತ್ತದೆ, ಉತ್ತರ ತರುವುದಿಲ್ಲ.

ನಿಮ್ಮನ್ನು ಇಟ್ಟುಕೊಂಡು ನಾನೊಂದು ಕಾದಂಬರಿ ಬರೆದೆ. ಊರಿಗೆ ನೀರು ಬಿಡುತ್ತಿದ್ದ ನಿಮ್ಮ ದಿನಚರಿ ಪುಸ್ತಕ ನನಗೆ ಸಿಕ್ಕಿತ್ತು. ೨೦೨೭ರ ಮೇ ಹನ್ನೊಂದರಿಂದ ಮೂರು ದಿನ 'ನೀರು ಬಿಟ್ಟಿಲ್ಲ' ಎಂದಿದೆ. ಕಾರಣವನ್ನೂ ಬರೆದಿದ್ದೀರಿ, ಆದರೆ ಆ ಸಾಲಿನ ಶಾಯಿ ನೆನೆದು ಹರಡಿಹೋಗಿದೆ. ಕಾರಣವನ್ನು ನಾನು ಹುಟ್ಟಿಸಿದೆ. ಮುಂದಿನ ಕಾಲದಿಂದ ಒಂದು ಗಾಡಿ ಬಂದಿಳಿಯುತ್ತದೆ, ಅದರ ಯಂತ್ರ ತಣಿಯಲು ನೀರು ಬೇಕು. ಮುಂದಿನ ಕಾಲ ನೋಡುವ ಆಸೆಗೆ ನೀವು ಊರಿನ ನೀರನ್ನೆಲ್ಲ ಅದಕ್ಕೆ ಬಿಡುತ್ತೀರಿ.

ನಮ್ಮಲ್ಲಿ ಕಾದಂಬರಿಯನ್ನು ಮನೆಯಲ್ಲಿ ಒಬ್ಬರೇ ಓದುವುದಿಲ್ಲ. ಭಾನುವಾರ ಸುರಂಗದ ಕಟ್ಟೆಯ ಮೇಲೆ ಜನ ಕೂಡುತ್ತಾರೆ. ನೆಲದೊಳಗಿನ ಕಾಲುವೆ ಬಯಲಿಗೆ ಬರುವ ಜಾಗ ಅದು. ಕಾಲು ನೀರಿಗಿಳಿಬಿಟ್ಟು, ಸೊಪ್ಪು ಬಿಡಿಸುತ್ತ, ಹರಿದ ಬಟ್ಟೆ ಹೊಲಿಯುತ್ತ ಕೇಳುತ್ತಾರೆ. ಚರಿತ್ರೆಯ ನಡುವೆ ಕಲ್ಪನೆ ಬಂದಾಗ ಓದುವವರು 'ಕಿಣಿ' ಎಂಬ ಚಿಕ್ಕ ಗಂಟೆ ಬಾರಿಸಬೇಕು, ಮುಗಿದಾಗ ಇನ್ನೊಮ್ಮೆ. ಗಾಡಿ ಬಂದಾಗ ನಾನು ಬಾರಿಸಿದೆ, ಅದರ ವರ್ಣನೆ ಮುಗಿದಾಗಲೂ ಬಾರಿಸಿದೆ. ನೀವು ಆಸೆಗೆ ಬಿದ್ದು ಊರಿನ ನೀರು ಕೊಟ್ಟಲ್ಲಿ ಬಾರಿಸಲಿಲ್ಲ; ಅದನ್ನು ಜನ ಚರಿತ್ರೆ ಎಂದೇ ಕೇಳಿದರು. ಮರೆತೆ ಎಂದರೆ ಸುಳ್ಳಾಗುತ್ತದೆ. ಜನ ಸೂಜಿ ನಿಲ್ಲಿಸಿ ಕೇಳುತ್ತಿದ್ದರು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ.

ಸುರಂಗದ ಬಾಗಿಲಿನ ಕೀಲಿ ನಿಮ್ಮ ವಂಶದ ಇಂದ್ರಾಬಾಯಿಯ ಹತ್ತಿರವಿತ್ತು. ದಿನಾ ಬೆಳಿಗ್ಗೆ ಊರಿಗೆ ನೀರು ಬಿಡುತ್ತಿದ್ದವಳು ಅವಳೇ. ನನ್ನ ಓದು ಮುಗಿದ ವಾರದಲ್ಲಿ ಪಂಚರು ಕೀಲಿ ಕಿತ್ತುಕೊಂಡರು. ಆಸೆಗೆ ಊರಿನ ನೀರು ಮಾರಿಕೊಂಡವಳ ರಕ್ತವಂತೆ. ಅವಳು ನನ್ನ ಬಾಗಿಲಿಗೆ ಬಂದು, "ಆ ಗಾಡಿಗಿ ಕಿಣಿ ಹೊಡ್ದಿ, ನಮ್ಮಜ್ಜಿಗಿ ಯಾಕ ಹೊಡೀಲಿಲ್ಲ ತಂಗಿ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಪಂಚರಲ್ಲಿಗೆ ಹೋಗಿ ಅದು ನಾನೇ ಕಟ್ಟಿದ್ದು ಎಂದೆ. ಹಿರಿಯರೊಬ್ಬರು ನಕ್ಕರು. "ಅಳು ಬರೋಹಂಗ ಬರ್ದೀದಿ, ಅದು ಸುಳ್ಳು ಹ್ಯಾಂಗ ಆಗ್ತದ? ಇಂದ್ರಾಬಾಯಿ ಕಣ್ಣೀರಿಗಿ ಕರಗಿದೇನು? ಬರ್ದಿದ್ದು ಏನರ ಇದ್ರ ತಂದು ತೋರ್ಸು."

ಈ ಕಾಗದ ಮೇ ಹದಿನಾಲ್ಕಕ್ಕೆ ನಿಮ್ಮ ಕೈ ಸೇರುತ್ತದೆ. ಆ ದಿನಚರಿ ಪುಸ್ತಕ ಈಗ ನಿಮ್ಮ ಮೇಜಿನ ಮೇಲೇ ಇರಬೇಕು. ನಾನು ಕೆಡಿಸಿದ್ದನ್ನು ಸರಿಮಾಡಲು ನಿಮ್ಮನ್ನೇ ಕೇಳುವುದು ನಾಚಿಕೆಗೇಡು, ಆದರೂ ಕೇಳುತ್ತಿದ್ದೇನೆ. ಯಾಕೆ ನೀರು ಬಿಡಲಿಲ್ಲ ಎಂಬುದನ್ನು ಅದೇ ಪುಟದ ಕೆಳಗೆ ಇನ್ನೊಮ್ಮೆ ಬರೆಯಿರಿ. ಕಾರಣ ನಿಮಗೆ ಒಳ್ಳೆಯ ಹೆಸರು ತರುವಂಥದ್ದಲ್ಲದಿದ್ದರೂ ಬರೆಯಿರಿ. ಅದನ್ನು ಒಂದಕ್ಷರ ಬದಲಿಸದೆ ಕಟ್ಟೆಯ ಮೇಲೆ ಓದುತ್ತೇನೆ.

ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ನಮ್ಮ ತನಕ ಬರುವುದಿಲ್ಲ.

ನಿಮಗೆ ತಪ್ಪಿತಸ್ಥಳು,
ನೀಲಾಂಬಿಕಾ